ಕೊಂಬಿನ ಚಿತ್ರ ಸಾಕು, ಗೊಂತಿನ ಚಿತ್ರ ಬೇಕು

ಪುಷ್ಯ ಮಾಸ ಬಂತೆಂದರೆ ದೊಡ್ಡಬಳ್ಳಾಪುರ ತಾಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ದನಗಳ ಜಾತ್ರೆ. ಹಳ್ಳಿಕಾರ್ ಹೋರಿಗಳ ಹಿಂದೆಯೇ ಬೆಂಗಳೂರಿನ ಕ್ಯಾಮೆರಾಗಳೂ ಬಂದಿಳಿಯುತ್ತವೆ. ಬೆಳಗಿನ ಮಂಜು, ಗೊರಸಿನ ಧೂಳು, ಎದುರು ಬಿಸಿಲಿಗೆ ಕಪ್ಪಾಗಿ ಕಾಣುವ ಜೋಡಿ ಕೊಂಬು, ಬೀಡಿ ಸೇದುವ ಮುದುಕನ ಸುಕ್ಕು ಮುಖ: ಈ ನಾಲ್ಕು ಸಿಕ್ಕಿದರೆ ಆ ದಿನದ ಬೇಟೆ ಮುಗಿದಂತೆ. ಇತ್ತೀಚೆಗೆ ಅಜ್ಜನ ಕಾಲದ ಪೆಂಟ್ಯಾಕ್ಸನ್ನೋ ನಿಕಾನನ್ನೋ ಕೊರಳಿಗೆ ನೇತುಹಾಕಿಕೊಂಡು, ಅದಕ್ಕೆ ಕಪ್ಪು ಬಿಳುಪು ರೀಲು ತುಂಬಿಸಿಕೊಂಡು ಬರುವ ಹುಡುಗ ಹುಡುಗಿಯರೂ ಕಾಣುತ್ತಾರೆ. ಯಂತ್ರ ಹಳೆಯದು, ಉತ್ಸಾಹ ಹೊಸದು. ಚಿತ್ರಗಳು ಮಾತ್ರ ಬಹುಪಾಲು ಇವೇ ನಾಲ್ಕು.

ಅವು ಕೆಟ್ಟ ಚಿತ್ರಗಳೆಂದು ಯಾರೂ ಹೇಳಲಾರರು. ಕಟ್ಟು ಹಾಕಿಸಿ ಗೋಡೆಗೆ ಏರಿಸಿದರೆ ನಡುಮನೆಗೊಂದು ಕಳೆ ಬರುತ್ತದೆ. ಆದರೆ ಇನ್ನು ಮೂವತ್ತು ವರ್ಷ ಕಳೆದ ಮೇಲೆ ಆ ಸೀಮೆಯ ಹುಡುಗನೊಬ್ಬ, ತನ್ನ ತಾತ ಯಾವ ಬಗೆಯ ಮೂಗುದಾರ ಹಾಕುತ್ತಿದ್ದ, ಮನೆಯ ಗೊಂತು ಹೇಗಿತ್ತು, ಬಾನಿ ಕಲ್ಲಿನದೋ ಸಿಮೆಂಟಿನದೋ, ಜಾತ್ರೆಗೆ ಚಪ್ಪರವನ್ನು ಯಾವ ಸೊಪ್ಪಿನಿಂದ ಹಾಕುತ್ತಿದ್ದರು ಎಂದು ಹುಡುಕಿ ಹೊರಟರೆ ಈ ಚಿತ್ರಗಳಲ್ಲಿ ಅವನಿಗೆ ಸಿಗುವುದು ಧೂಳು ಮಾತ್ರ.

ಈ ಚಾಳಿಗೊಂದು ಚರಿತ್ರೆಯಿದೆ, ಅದು ಗೌರವದ ಚರಿತ್ರೆಯೇ. ದೇಶದ ಛಾಯಾಗ್ರಹಣ ಸಂಘಗಳನ್ನೆಲ್ಲ ಒಂದು ಸೂರಿನಡಿ ತಂದ ಫೆಡರೇಷನ್ ಆಫ್ ಇಂಡಿಯನ್ ಫೋಟೋಗ್ರಫಿಯನ್ನು 1953ರಲ್ಲಿ ಕಟ್ಟಿದವರು ಬೆಂಗಳೂರಿನ ಡಾ. ಜಿ. ಥಾಮಸ್. 1971ರಲ್ಲಿ ಇದೇ ನಗರದಲ್ಲಿ ಯೂತ್ ಫೋಟೋಗ್ರಫಿಕ್ ಸೊಸೈಟಿ ಹುಟ್ಟಿತು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಕಾಡು ಹಿಡಿದರು. ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರು ಕಾಡುಪ್ರಾಣಿಗಳ ಕಪ್ಪು ಬಿಳುಪು ಚಿತ್ರಗಳಿಂದಲೇ ಹೊರದೇಶಗಳಲ್ಲಿ ಹೆಸರಾದರು. ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ 1983ರಲ್ಲಿ ಬಂತು. ಸಿ. ರಾಜಗೋಪಾಲ್ ಅಂಥವರು ಹಳ್ಳಿಯ ಬದುಕಿಗೆ ಕ್ಯಾಮೆರಾ ತಿರುಗಿಸಿದರು. ಡಾರ್ಕ್‌ರೂಮಿನಲ್ಲಿ ರಾತ್ರಿಯೆಲ್ಲ ಕೂತು ಒಂದೊಂದು ಪ್ರಿಂಟನ್ನು ತಿದ್ದಿ ತೀಡಿ ಸಲೋನ್ ಸ್ಪರ್ಧೆಗಳಿಗೆ ಕಳಿಸುತ್ತಿದ್ದ ಆ ತಲೆಮಾರಿನ ಕಸುಬುಗಾರಿಕೆಯ ಬಗ್ಗೆ ಎರಡು ಮಾತಿಲ್ಲ.

ಆದರೆ ಸ್ಪರ್ಧೆ ತನ್ನದೇ ಕಾನೂನು ತಂದಿತು. ತೀರ್ಪುಗಾರ ಲಂಡನ್ನಿನಲ್ಲೋ ಹಾಂಗ್‌ಕಾಂಗ್‌ನಲ್ಲೋ ಇರುತ್ತಿದ್ದ. ಅವನಿಗೆ ದೊಡ್ಡಬಳ್ಳಾಪುರ ಗೊತ್ತಿರಬೇಕಾಗಿರಲಿಲ್ಲ. ಹಾಗಾಗಿ ಚಿತ್ರಕ್ಕೆ ಊರಿನ ಹೆಸರಿನ ಬದಲು ‘ಮನೆಯತ್ತ’, ‘ಮುಂಜಾನೆ’, ‘ದುಡಿಮೆಯ ದಿನ’ ಎಂಬಂಥ ತಲೆಬರಹಗಳು ಇಂಗ್ಲಿಷಿನಲ್ಲಿ ಅಂಟಿಕೊಂಡವು. ಯಾವ ಹಳ್ಳಿ, ಯಾವ ವರ್ಷ, ಯಾರ ಗಾಡಿ ಎಂಬುದೆಲ್ಲ ಬಿದ್ದುಹೋಯಿತು. ಹೊಸಕೋಟೆಯ ಎತ್ತೂ ಹುಣಸೂರಿನ ಎತ್ತೂ ಒಂದೇ ಮಂಜಿನಲ್ಲಿ ನಡೆದುಹೋದವು. ಇಂದು ಫಿಲಂ ಕ್ಯಾಮೆರಾ ಹಿಡಿದು ಬರುವ ಹೊಸಬರು ಆ ಹಿರಿಯರ ಬೆಳಕನ್ನು ಕಲಿತಿದ್ದರೆ ಸಂತೋಷ. ಅವರು ಕಲಿತಿರುವುದು ಹೆಚ್ಚಾಗಿ ಆ ಮರೆವನ್ನು.

ಬೇರೆ ದಾರಿಯೂ ಇತ್ತು, ಅದನ್ನು ತೋರಿಸಿದವರಲ್ಲಿ ಒಬ್ಬರು ಮೈಸೂರಿನವರೇ. ಟಿ.ಎಸ್. ಸತ್ಯನ್ 1923ರಲ್ಲಿ ಹುಟ್ಟಿದವರು. ಡೆಕ್ಕನ್ ಹೆರಾಲ್ಡ್ ಶುರುವಾದ 1948ರಲ್ಲೇ ಅದರ ಛಾಯಾಗ್ರಾಹಕರಾಗಿ ಸೇರಿ, ಮುಂದೆ ಇಲಸ್ಟ್ರೇಟೆಡ್ ವೀಕ್ಲಿ, ಲೈಫ್‌ನಂಥ ಪತ್ರಿಕೆಗಳಿಗೆ ಚಿತ್ರ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯ ಕೆಲಸವನ್ನು ಚಿತ್ರಿಸಿದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಇಷ್ಟೆಲ್ಲ ತಿರುಗಿದರೂ ಅವರ ಕಣ್ಣು ಮತ್ತೆ ಮತ್ತೆ ಹೋದದ್ದು ಸ್ಲೇಟು ಹಿಡಿದ ಹುಡುಗಿ, ಬೀದಿ ನಲ್ಲಿ, ಶಾಲೆಯ ಜಗಲಿಗಳ ಕಡೆಗೆ. ಪತ್ರಿಕೆಯ ಶಿಸ್ತು ಅವರಿಗೊಂದು ಅಭ್ಯಾಸ ಕಲಿಸಿತ್ತು: ಎಲ್ಲಿ, ಯಾವಾಗ, ಯಾರು ಎಂದು ಬರೆದಿಡುವುದು. ಇನ್ನೊಬ್ಬರು ಬರೋಡದ ಜ್ಯೋತಿ ಭಟ್. ವೃತ್ತಿಯಿಂದ ಚಿತ್ರಕಾರರಾದ ಅವರು 1967ರಿಂದ ಹಳ್ಳಿಹಳ್ಳಿ ತಿರುಗಿ ಮಣ್ಣಿನ ಗೋಡೆ, ರಂಗೋಲಿ, ಬಾಗಿಲ ಚೌಕಟ್ಟುಗಳನ್ನು ಕಪ್ಪು ಬಿಳುಪಿನಲ್ಲಿ ಹಿಡಿದಿಟ್ಟರು. ಬೆಂಗಳೂರಿನ ಕಸ್ತೂರ ಬಾ ರಸ್ತೆಯಲ್ಲಿ 2023ರ ಫೆಬ್ರುವರಿಯಲ್ಲಿ ಕಲೆ ಮತ್ತು ಛಾಯಾಗ್ರಹಣದ ಮ್ಯೂಸಿಯಂ, ಅಂದರೆ ಮ್ಯಾಪ್ ಬಾಗಿಲು ತೆರೆದಾಗ ಮೊದಲ ಪ್ರದರ್ಶನಗಳಲ್ಲಿ ಅವರದೂ ಒಂದು. ಆ ಗೋಡೆಗಳಲ್ಲಿ ಬಹಳಷ್ಟು ಇವತ್ತು ಬಿದ್ದುಹೋಗಿರಬೇಕು; ಚಿತ್ರ ಉಳಿದಿದೆ, ಯಾವ ಊರಿನ ಗೋಡೆ ಎಂಬುದೂ ಉಳಿದಿದೆ.

ನಿತ್ಯದ ವಸ್ತುಗಳ ಚಿತ್ರ ತೆಗೆಯುವುದು ಕೈಲಾಗದವರ ಕೆಲಸ ಎಂದು ಮೂಗು ಮುರಿಯುವವರಿಗೆ ಛಾಯಾಗ್ರಹಣದ ಮೊದಲ ಪುಟವನ್ನೇ ತೋರಿಸಬಹುದು. ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1844ರಲ್ಲಿ ತೆಗೆದ ಹೆಸರಾಂತ ಚಿತ್ರದಲ್ಲಿ ಇರುವುದೇನು? ಅರ್ಧ ತೆರೆದ ಒಂದು ಬಾಗಿಲು, ಹೊಸ್ತಿಲಿಗೆ ಒರಗಿಸಿಟ್ಟ ಒಂದು ಪೊರಕೆ. ರಾಜನಿಲ್ಲ, ಕೋಟೆಯಿಲ್ಲ. ನೆಗೆಟಿವ್‌ನಿಂದ ಎಷ್ಟು ಪ್ರತಿ ಬೇಕಾದರೂ ತೆಗೆಯುವ ವಿಧಾನವನ್ನು ಜಗತ್ತಿಗೆ ಕೊಟ್ಟ ಮನುಷ್ಯನಿಗೆ ಪೊರಕೆ ಸಾಕಾಗಿತ್ತು. ಪ್ಯಾರಿಸ್ಸಿನ ಯೂಜೀನ್ ಅಟ್ಜೆಯಂತೂ ಬದುಕೆಲ್ಲ ಅಂಗಡಿ ಮುಂಗಟ್ಟು, ಮೆಟ್ಟಿಲು, ಬಾಗಿಲ ಬಳೆ, ಚಿಂದಿ ಗಾಡಿಗಳ ಚಿತ್ರ ತೆಗೆದ. ತಾನು ಕಲಾವಿದನೆಂದು ಹೇಳಿಕೊಳ್ಳಲಿಲ್ಲ. ಕಲಾವಿದರಿಗೆ ಬೇಕಾದ ದಾಖಲೆ ಸಿಗುತ್ತದೆ ಎಂದು ಬೋರ್ಡು ಹಾಕಿಕೊಂಡಿದ್ದ. ಒಡೆದು ಹೊಸದಾಗಿ ಕಟ್ಟುತ್ತಿದ್ದ ನಗರದಲ್ಲಿ ಹಳೆಯ ಬೀದಿಗಳ ಚಿತ್ರಗಳನ್ನು ಗ್ರಂಥಾಲಯಗಳು, ಮ್ಯೂಸಿಯಂಗಳು ಅವನಿಂದ ಕೊಂಡವು. 1927ರಲ್ಲಿ ಅವನು ತೀರಿಕೊಂಡ ಮೇಲೆ ಉಳಿದಿದ್ದ ಗಾಜಿನ ನೆಗೆಟಿವ್‌ಗಳನ್ನು ಬೆರೆನೀಸ್ ಆಬಟ್ ಎಂಬ ಅಮೆರಿಕದ ಛಾಯಾಗ್ರಾಹಕಿ ಕೊಂಡು ಕಾಪಾಡದಿದ್ದರೆ ಅವನ ಹೆಸರು ಇಂದು ಇಷ್ಟು ದೂರ ಬರುತ್ತಿರಲಿಲ್ಲ.

ಒಡೆದು ಕಟ್ಟುವ ಮಾತು ಬಂದರೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಯಾರ ಪಾಠವೂ ಬೇಕಿಲ್ಲ. 1986ರ ಆಗಸ್ಟ್ 15ರಂದು ಹುಟ್ಟಿದ ಈ ಜಿಲ್ಲೆ 2007ರಲ್ಲಿ ರಾಮನಗರದ ಕಡೆಯ ತಾಲೂಕುಗಳನ್ನು ಬಿಟ್ಟುಕೊಟ್ಟು ನಾಲ್ಕು ತಾಲೂಕಿಗೆ ಇಳಿಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ಸುಮಾರು 4,000 ಎಕರೆಯ ವಿಮಾನ ನಿಲ್ದಾಣ ಶುರುವಾಯಿತು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳಲು ಹೊರಟ ಸರ್ಕಾರ, ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತ ಮೇಲೆ 2025ರ ಜುಲೈನಲ್ಲಿ ಹಿಂದೆ ಸರಿಯಿತು. ಅದೇ ತಿಂಗಳು ಜಿಲ್ಲೆಯ ಹೆಸರನ್ನೇ ಬೆಂಗಳೂರು ಉತ್ತರ ಎಂದು ಬದಲಿಸಲು ಸಚಿವ ಸಂಪುಟ ಒಪ್ಪಿತು. ಹೆಸರಿನಲ್ಲಿದ್ದ ಗ್ರಾಮಾಂತರವೂ ಹೋಗುವ ಹೊತ್ತು. ಆ ಹೋರಾಟದ ಚಿತ್ರಗಳು ಬೇಕಾದಷ್ಟಿವೆ: ಹಸಿರು ಶಾಲು, ಮೈಕು, ಪೊಲೀಸ್ ವ್ಯಾನು. ಆದರೆ ಹೋರಾಡಿ ಉಳಿಸಿಕೊಂಡ ಆ ಹೊಲಗಳ ಬಾವಿಕಟ್ಟೆ, ದ್ರಾಕ್ಷಿ ಚಪ್ಪರದ ಕಲ್ಲುಕಂಬ, ಹಿಪ್ಪುನೇರಳೆ ಸೊಪ್ಪು ಕತ್ತರಿಸುವ ಕುಡುಗೋಲು, ಪಂಪ್‌ಸೆಟ್ಟಿನ ಮನೆಯ ಬಾಗಿಲು, ಇವುಗಳ ಚಿತ್ರ, ದಿನಾಂಕ ಹಾಕಿ, ಸರ್ವೆ ನಂಬರ್ ಬರೆದು ಇಟ್ಟಿದ್ದು, ಯಾರ ಮನೆಯಲ್ಲಿದೆ?

ಏನನ್ನು ತೆಗೆಯಬೇಕು ಎಂದು ಕೇಳುವವರಿಗೆ ಮೊದಲು ದೊಡ್ಡಬಳ್ಳಾಪುರದ ಮಗ್ಗದ ಮನೆ. ಪೇಟೆಯ ಹಳೆಯ ಬೀದಿಗಳಲ್ಲಿ ಹಾದುಹೋದರೆ ಕಿವಿಗೆ ಮೊದಲು ಬೀಳುವುದು ವಿದ್ಯುತ್ ಮಗ್ಗದ ಸದ್ದು. ಒಳಗೆ ಒಂದೇ ಟ್ಯೂಬ್‌ಲೈಟು, ಗೋಡೆಗೆ ದೇವರ ಪಟ, ಮಗ್ಗದ ನೆತ್ತಿಯಿಂದ ಸರಪಣಿಯಂತೆ ಇಳಿಬಿದ್ದ ಜಕಾರ್ಡ್ ರಟ್ಟುಗಳು. ರಟ್ಟಿನ ತುಂಬ ತೂತು. ತೂತಿದ್ದಲ್ಲಿ ಒಂದು ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ, ಸೆರಗಿನ ಹೂವು ಹಾಗೆ ಅರಳುತ್ತದೆ. ಬಣ್ಣದಲ್ಲಿ ಚಿತ್ರ ತೆಗೆದರೆ ಕಣ್ಣು ಸೀದಾ ಸೀರೆಗೆ ಹೋಗುತ್ತದೆ, ರಟ್ಟು ಕಾಣುವುದೇ ಇಲ್ಲ. ಬಣ್ಣ ತೆಗೆದುಹಾಕಿ ನೋಡಿ: ರಟ್ಟಿನ ತೂತಿನಲ್ಲಿ ಹಾದುಬರುವ ಬೆಳಕು, ಅಂಚು ಹರಿದಲ್ಲಿ ಹಾಕಿದ ತೇಪೆ, ಎಣ್ಣೆ ಕುಡಿದು ಕಪ್ಪಾದ ಮರ, ನೇಯುವವನ ಬೆರಳಿಗೆ ಸವೆದು ನುಣುಪಾದ ಹಿಡಿ ಎಲ್ಲವೂ ಮುಂದಕ್ಕೆ ಬರುತ್ತವೆ. 400ರ ವೇಗದ ಫಿಲಂ ಹಾಕಿದರೂ ಆ ಬೆಳಕಿಗೆ ಷಟರ್ ಸೆಕೆಂಡಿನ ಹದಿನೈದನೆಯ ಒಂದು ಭಾಗವಾದರೂ ತೆರೆದಿರಬೇಕು. ಅಷ್ಟರಲ್ಲಿ ಲಾಳಿ ಎಷ್ಟೋ ದೂರ ಓಡಿಬಿಟ್ಟಿರುತ್ತದೆ. ನಿಮಿಷಕ್ಕೆ 100ಕ್ಕೂ ಹೆಚ್ಚು ಬಾರಿ ಓಡುವ ಲಾಳಿ ಚಿತ್ರದಲ್ಲಿ ಬರೀ ಒಂದು ಮಸುಕು ಗೆರೆ. ಲಾಳಿಯ ಚಿತ್ರ ಬೇಕಾದರೆ ಮಗ್ಗ ನಿಲ್ಲಿಸಿ, ಅದನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬಳಿ ಹೋಗಬೇಕು. ಹೋಗಬೇಕು ಕೂಡ. ಲಾಳಿಯೇ ಇಲ್ಲದ ಮಗ್ಗಗಳು ಬರುತ್ತಿವೆ; ಆ ಮರದ ದೇಹ, ಎರಡು ತುದಿಯ ಉಕ್ಕಿನ ಮೊನೆ, ಹೊಟ್ಟೆಯೊಳಗಿನ ಕಂಡಿಕೆ ಇನ್ನೆಷ್ಟು ದಿನ ಕೈಗೆ ಸಿಗುತ್ತವೋ.

ದೇವನಹಳ್ಳಿ ತಾಲೂಕಿನ ವಿಜಯಪುರದ ಕಡೆ ಹೋದರೆ ರೇಷ್ಮೆ ಚಂದ್ರಿಕೆ. ಮೇದರು ಬಿದಿರು ಸೀಳಿ ಹೆಣೆದ, ಹೆಚ್ಚುಕಡಿಮೆ ಆರಡಿ ಉದ್ದ ನಾಲ್ಕಡಿ ಅಗಲದ ತಟ್ಟಿ. ಅದರ ಮೇಲೆ ಸುತ್ತುಸುತ್ತಾಗಿ ನಿಲ್ಲಿಸಿದ ಬಿದಿರ ಪಟ್ಟಿ. ಹುಳು ಹಣ್ಣಾದಾಗ ಅದರ ಮೇಲೆ ಬಿಡುತ್ತಾರೆ, ಎರಡು ಮೂರು ದಿನದಲ್ಲಿ ಗೂಡು ಕಟ್ಟಿ ಮುಗಿಸುತ್ತದೆ. ಗೂಡು ಬಿಡಿಸಿ ಮಾರುಕಟ್ಟೆಗೆ ಸಾಗಿಸಿದ ಮೇಲೆ ಖಾಲಿ ಚಂದ್ರಿಕೆಗಳನ್ನು ಮನೆಯ ಹೊರಗೋಡೆಗೆ ಒರಗಿಸಿ ನಿಲ್ಲಿಸಿರುತ್ತಾರೆ. ಮಧ್ಯಾಹ್ನ ಮೂರರ ಬಿಸಿಲು ಓರೆಯಾಗಿ ಬಿದ್ದಾಗ ಆ ಸುತ್ತುಗಳ ನೆರಳು ಬಿಳಿ ಸುಣ್ಣದ ಗೋಡೆಯ ಮೇಲೆ ಇನ್ನೊಂದು ಚಂದ್ರಿಕೆ ಬರೆಯುತ್ತದೆ, ಪಟ್ಟಿಗೆ ಅಂಟಿದ ರೇಷ್ಮೆಯ ಎಳೆ ಹೊಳೆಯುತ್ತದೆ. ದೊಡ್ಡ ದೊಡ್ಡ ಛಾಯಾಗ್ರಾಹಕರು ಸ್ಟುಡಿಯೋದಲ್ಲಿ ದೀಪ ಜೋಡಿಸಿ ಪಡುವ ಪಾಡನ್ನು ಇಲ್ಲಿ ಸೂರ್ಯ ಪುಕ್ಕಟೆ ಮಾಡಿಕೊಡುತ್ತಾನೆ. ಪ್ಲಾಸ್ಟಿಕ್ಕಿನ ನೇತ್ರಿಕೆ ಬಂದು ಚಂದ್ರಿಕೆಯ ಜಾಗ ಹಿಡಿಯುತ್ತಿದೆ. ರೈತನಿಗೆ ಅದರಿಂದ ಅನುಕೂಲವಿದ್ದರೆ ಯಾರೂ ಅಡ್ಡಿ ಹೇಳಬೇಕಿಲ್ಲ. ಚಿತ್ರ ತೆಗೆದಿಟ್ಟುಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲವಲ್ಲ!

ಅದೇ ತಾಲೂಕಿನ ನಲ್ಲೂರಿನ ಹುಣಸೆ ತೋಪು 54 ಎಕರೆಯದು. 2007ರಲ್ಲಿ ಅದನ್ನು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ಹಸಿರೆಲೆಯ ಗೊಂದಲ ಕಳೆದು ಬರೀ ಬೂದು ಛಾಯೆಯಲ್ಲಿ ನೋಡಿದಾಗಲೇ ಆ ಮುದಿ ಬೊಡ್ಡೆಗಳ ತಿರುಚು, ಪೊಟರೆ, ಗಂಟುಗಳ ಲೆಕ್ಕ ಹತ್ತುವುದು. 1915ರಲ್ಲಿ ಚಿಕ್ಕಬಳ್ಳಾಪುರದ ಕಡೆಗೆ ಹಾಕಿದ ಸಣ್ಣ ಹಳಿಯ ರೈಲುಮಾರ್ಗದ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ನಿಲ್ದಾಣಗಳ ಹೆಂಚಿನ ಕಟ್ಟಡಗಳಿವೆ. ಅವುಗಳ ಜೀರ್ಣೋದ್ಧಾರಕ್ಕೆ ಪರಂಪರೆ ಸಂರಕ್ಷಣೆಯ ಸಂಸ್ಥೆ ಇಂಟ್ಯಾಕ್ ಕೈಹಾಕಿದೆ, ಸುಣ್ಣ ಬಣ್ಣ ಆಗುವುದಕ್ಕೆ ಮುಂಚಿನ ರೂಪವೂ ಒಂದು ರೂಪವೇ. ನೆಲಮಂಗಲದ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿ, ಅದರ ಮುಂದೆ ಟೈರಿನ ಗೋಪುರ, ಕೈಯಲ್ಲಿ ಬರೆದ ಬೋರ್ಡು. ಹೊಸಕೋಟೆಯಲ್ಲಿ ಬೆಳಗಿನ ನಾಲ್ಕಕ್ಕೇ ಮುಚ್ಚಳ ತೆಗೆಯುವ ಬಿರಿಯಾನಿ ಡೇಕ್ಸಾದ ಹಬೆ ಕಪ್ಪು ಬಿಳುಪಿಗೆ ಹೇಳಿ ಮಾಡಿಸಿದ್ದು, ಆದರೆ ಆ ಕತ್ತಲಿಗೆ 400ರ ರೀಲು ಸಾಲದು. ಹೊಟ್ಟೆ ತುಂಬಿಸಿಕೊಂಡು ಬೆಳಕು ಹರಿದ ಮೇಲೆ ತೊಳೆದು ಬೋರಲು ಹಾಕಿದ ಡೇಕ್ಸಾದ ಚಿತ್ರ ತೆಗೆಯುವುದೇ ಜಾಣತನ.

ಫೋನಿನಲ್ಲೇ ಕಪ್ಪು ಬಿಳುಪು ಫಿಲ್ಟರ್ ಇರುವಾಗ ಸಾವಿರ ರೂಪಾಯಿಯ ಆಸುಪಾಸಿನ ರೀಲು ಯಾಕೆ ಎಂಬ ಪ್ರಶ್ನೆ ಸಹಜ. ಫೋನಿನಿಂದ ತೆಗೆಯಬಾರದು ಎಂದೇನಿಲ್ಲ. ತೆಗೆಯದೇ ಇರುವುದಕ್ಕಿಂತ ಅದು ಎಷ್ಟೋ ವಾಸಿ. ಆದರೆ ಫೋನಿನ ಚಿತ್ರ ಎಲ್ಲಿಗೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಫೋನು ಬದಲಾದಾಗ ಅರ್ಧ ಹೋಗುತ್ತದೆ, ವಾಟ್ಸಾಪಿನಲ್ಲಿ ಕಳಿಸಿದ್ದು ಕುಗ್ಗಿ ಕುಗ್ಗಿ ಮಸುಕಾಗುತ್ತದೆ, ಪಾಸ್‌ವರ್ಡ್ ಮರೆತವರ ಮಿಕ್ಕದ್ದು ಇನ್ಯಾವುದೋ ದೇಶದ ಕಂಪ್ಯೂಟರಿನಲ್ಲಿ ಕೊಳೆಯುತ್ತದೆ. ನೆಗೆಟಿವ್ ಓದಲು ಒಂದು ಕಿಟಕಿ ಸಾಕು. ಎತ್ತಿ ಹಿಡಿದರೆ ಆಯಿತು.

ಅದಕ್ಕೆ ಪುರಾವೆ ಹಂಪಿಯಲ್ಲಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಚಿತ್ರಿಸಿದ. ಅವು ಎಷ್ಟೋ ವರ್ಷ ಯಾರ ಕಣ್ಣಿಗೂ ಬೀಳದೆ ಇಂಗ್ಲೆಂಡಿನಲ್ಲಿದ್ದು ಕೊನೆಗೆ ಹೊರಬಂದವು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವ ಕಂಬ ಬಿತ್ತು, ಯಾವ ಗೋಪುರ ಕುಸಿಯಿತು, ಏನನ್ನು ದುರಸ್ತಿ ಮಾಡಿದರು ಎಂದು ಯಾರು ಬೇಕಾದರೂ ಹೇಳಬಹುದು. ಕಾಗದದ ತುಂಡು 127 ವರ್ಷ ತಾಳಿ ಸಾಕ್ಷಿ ಹೇಳಿತು. ಈಗಂತೂ ಯಂತ್ರಕ್ಕೆ ಎರಡು ಸಾಲು ಬರೆದು ಕೊಟ್ಟರೆ ‘1950ರ ದೇವನಹಳ್ಳಿ ಸಂತೆ’ಯ ಕಪ್ಪು ಬಿಳುಪು ಚಿತ್ರ ಅರೆಗಳಿಗೆಯಲ್ಲಿ ತಯಾರು. ಸಂತೆಯೂ ಸುಳ್ಳು, ಜನರೂ ಸುಳ್ಳು, ಕಾಣುವುದಕ್ಕೆ ಮಾತ್ರ ನಿಜದಂತೆಯೇ. ಅಂಥ ಕಾಲದಲ್ಲಿ ಬೆಳಕೇ ಬಂದು ತಾಕಿದ ಬೆಳ್ಳಿಯ ಲೇಪದ ಒಂದು ಪಟ್ಟಿ ಪೆಟ್ಟಿಗೆಯಲ್ಲಿದ್ದರೆ ತಕರಾರು ಬಂದಾಗ ತೆಗೆದು ತೋರಿಸಬಹುದು.

ಕಪ್ಪು ಬಿಳುಪು ಎಂದರೆ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ, ಅದನ್ನೂ ಹೇಳಿಬಿಡಬೇಕು. ಹಳೆಯ ಕಾಲದ ಆರ್ಥೋಕ್ರೊಮ್ಯಾಟಿಕ್ ಪ್ಲೇಟುಗಳಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಅದಕ್ಕೇ ಅಜ್ಜಿಯರ ಹಳೆಯ ಪಟಗಳಲ್ಲಿ ಹಣೆಯ ಕುಂಕುಮ ಕಾಡಿಗೆಯಷ್ಟು ಕಪ್ಪು, ಆಕಾಶ ಬೋಳು ಬಿಳಿ. ಇಂದಿನ ಫಿಲಂ ಎಲ್ಲ ಬಣ್ಣಗಳಿಗೂ ಸ್ಪಂದಿಸುತ್ತದೆ, ಆದರೆ ಲೆನ್ಸಿನ ಮುಂದೆ ಕೆಂಪು ಗಾಜು ಇಟ್ಟರೆ ದೇವನಹಳ್ಳಿಯ ಕೆಮ್ಮಣ್ಣು ಬೆಳ್ಳಗಾಗಿ, ನೀಲಿ ಆಕಾಶ ಮಳೆಗಾಲದಂತೆ ಕಪ್ಪಿಡುತ್ತದೆ. ಹಳದಿ ಗಾಜು ಇಟ್ಟರೆ ಮೋಡ ಹದವಾಗಿ ಎದ್ದು ಕಾಣುತ್ತದೆ. ಬರೆದಿಡುವಾಗ ಯಾವ ಗಾಜು ಹಾಕಿದ್ದು ಎಂಬುದನ್ನೂ ಬರೆಯಬೇಕು ಎಂಬುದು ಅದಕ್ಕೇ. ರಾಗಿ ಹೊಲದ ಚಿತ್ರ ನೋಡಿ ಮುಂದಿನವರು ಆ ವರ್ಷ ಬರಗಾಲವೆಂದುಕೊಳ್ಳಬಾರದು.

ಬರೆದಿಡುವ ವಿಷಯಕ್ಕೆ ಬಂದರೆ ಈ ಜಿಲ್ಲೆಗೆ ಒಳ್ಳೆಯ ಮೇಲ್ಪಂಕ್ತಿ ಇದೆ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟ 1905ರಲ್ಲಿ ಬಂತು. ಅದು ಬೆಂಗಳೂರು ಜಿಲ್ಲೆಯದು. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಎಂದು ತಾಲೂಕುವಾರು, ಒಂದೊಂದು ಶಾಸನಕ್ಕೂ ನಂಬರು, ಯಾವ ಊರಿನ ಯಾವ ಹೊಲದಲ್ಲಿ, ಯಾವ ದೇವಸ್ಥಾನದ ಎದುರು ನಿಂತಿದೆ ಎಂಬ ಒಂದು ಸಾಲು. ಅದರಲ್ಲಿನ ಎಷ್ಟೋ ಕಲ್ಲುಗಳು ರಸ್ತೆಗೋ ಪಾಯಕ್ಕೋ ಹೋಗಿವೆ, ಪಾಠ ಉಳಿದಿದೆ. ಉಳಿದ ಕಲ್ಲುಗಳನ್ನು ಹುಡುಕಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿರುವ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಊರೂರು ಅಲೆಯುವುದಕ್ಕೂ ಆ ಒಂದೊಂದು ಸಾಲೇ ದಾರಿ. ಲಾಳಿಗೂ ಚಂದ್ರಿಕೆಗೂ ಅಂಥದೊಂದು ಸಾಲು ಬರೆಯಲು ಏನು ಕಷ್ಟ?

ಹೊಸ ಚಿತ್ರಗಳ ಮಾತಾಯಿತು. ಅದಕ್ಕಿಂತ ತುರ್ತಾದದ್ದು ಹಳೆಯವುಗಳದು.

ಈ ನಾಲ್ಕೂ ತಾಲೂಕು ಕೇಂದ್ರಗಳ ಪೇಟೆ ಬೀದಿಗಳಲ್ಲಿ 1960ರಿಂದ 1990ರವರೆಗೆ ಸ್ಟುಡಿಯೋ ನಡೆಸಿದವರಿದ್ದರು. ಪರದೆಯ ಮೇಲೆ ಬರೆಸಿದ ಅರಮನೆ ಮೆಟ್ಟಿಲು, ಎತ್ತರದ ಸ್ಟೂಲು, ಒಂದು ಬಾಚಣಿಗೆ, ಒಂದು ಪೌಡರ್ ಡಬ್ಬಿ. ಹಿಂದೆ ಕತ್ತಲೆ ಕೋಣೆ; ಅಲ್ಲಿ ಕೆಂಪು ಬಲ್ಬು, ಡೆವಲಪರ್ ಮತ್ತು ಹೈಪೊ ಟ್ರೇಗಳು, ಒಣಗಲು ಹಗ್ಗಕ್ಕೆ ನೇತುಹಾಕಿದ ಪ್ರಿಂಟುಗಳು. ಮುಖದ ಸಿಡುಬಿನ ಕಲೆಯನ್ನು ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ಮುಚ್ಚುವ ಕೈಚಳಕ ಅವರಿಗಿತ್ತು. ಆಮದು ರೀಲು ದುಬಾರಿಯಾದ ಆ ಕಾಲದಲ್ಲಿ ಕೈಗೆಟುಕುತ್ತಿದ್ದದ್ದು ಊಟಿಯ ‘ಇಂದು’. ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಶುರುಮಾಡಿದ ಕೇಂದ್ರ ಸರ್ಕಾರದ ಕಾರ್ಖಾನೆ. ಬಣ್ಣದ ರೀಲಿನ ಓಟಕ್ಕೆ ಸಿಕ್ಕಿ 1990ರ ದಶಕದಲ್ಲೇ ರೋಗಗ್ರಸ್ತವಾಗಿ ಕೊನೆಗೆ ಬಾಗಿಲು ಹಾಕಿತು. ಮನೆಗಳಲ್ಲಿ ಬರೋಡದಲ್ಲಿ ತಯಾರಾದ ಆಗ್ಫಾ ಕ್ಲಿಕ್ ಕ್ಯಾಮೆರಾ ಇರುತ್ತಿತ್ತು, ಒಂದು ರೀಲಿಗೆ ಹನ್ನೆರಡು ಚಿತ್ರ. ಹನ್ನೆರಡರಲ್ಲಿ ಒಂದನ್ನೂ ಯಾರೂ ಸುಮ್ಮನೆ ಒತ್ತುತ್ತಿರಲಿಲ್ಲ.

ಆ ಸ್ಟುಡಿಯೋಗಳ ಹಿಂಬದಿಯಲ್ಲಿದ್ದ ನೆಗೆಟಿವ್‌ಗಳಿಗೆ ಏನಾಯಿತು? ಮಳಿಗೆ ಖಾಲಿ ಮಾಡುವಾಗ ಗುಜರಿಗೆ ಹೋದವು ಬಹಳ. ಹಳೆಯ ಎಕ್ಸ್‌ರೇ ಹಾಗೆಯೇ ಕಪ್ಪು ಬಿಳುಪು ಫಿಲಮ್ಮಿನಲ್ಲೂ ಬೆಳ್ಳಿಯ ಅಂಶವಿರುತ್ತದೆ, ಅದನ್ನು ತೆಗೆಯಲು ಕೊಳ್ಳುವವರಿದ್ದಾರೆ. ಗಾಜಿನ ಪ್ಲೇಟಾದರೆ ತೊಳೆದು ಪಟಕ್ಕೆ ಕಟ್ಟು ಹಾಕಲು ಬಳಸಿದ್ದೂ ಉಂಟು. ಉಳಿದವುಗಳಲ್ಲಿ ಮುಖಗಳೇ ಹೆಚ್ಚು, ನಿಜ. ಆದರೆ ಮದುವೆ ಚಿತ್ರದ ಹಿಂದಿರುವ ಬೀದಿ, ಅಂಗಡಿ ಉದ್ಘಾಟನೆಯ ಚಿತ್ರದಲ್ಲಿ ಕಾಣುವ ತಕ್ಕಡಿ, ಎತ್ತಿಗೆ ಬಹುಮಾನ ಬಂದಾಗ ತೆಗೆಸಿದ ಚಿತ್ರದಲ್ಲಿ ಹಿಂದೆ ಕಾಣುವ ಕೆರೆ ಏರಿ: ಇವೇ ಈಗ ಬೇಕಾದವು. ತೆಗೆದವನು ನೋಡದಿದ್ದರೂ ಫಿಲಂ ನೋಡಿದೆ.

ಫಿಲಂ ಶಾಶ್ವತವೆಂದು ಯಾರೂ ಭ್ರಮೆಪಡಬೇಕಾಗಿಲ್ಲ. ಸೆಕೆಯಲ್ಲಿ ಮುಚ್ಚಿಟ್ಟ ಅಸಿಟೇಟ್ ಫಿಲಂ ವಿನೆಗರ್ ವಾಸನೆ ಬೀರುತ್ತ ಸುರುಟಿಕೊಳ್ಳುತ್ತದೆ, ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಹೈಪೊ ಸರಿಯಾಗಿ ತೊಳೆಯದಿದ್ದರೆ ಕಂದು ಕಲೆ ಬೀಳುತ್ತದೆ. ಹಾಗಾಗಿ ಕಾಯುತ್ತ ಕೂರುವ ಕೆಲಸವಲ್ಲ ಇದು.

ಮಾಡಬೇಕಾದದ್ದು ಅಂಥ ಘನಂದಾರಿ ಯೋಜನೆಯೇನಲ್ಲ. ಜಿಲ್ಲೆಯಲ್ಲಿ ಸುಮಾರು ನೂರು ಗ್ರಾಮ ಪಂಚಾಯಿತಿಗಳಿವೆ, ಅವುಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ವರ್ಷಕ್ಕೆ ಒಂದು ಪಂಚಾಯಿತಿಗೆ ಒಂದು ರೀಲು, ಅಂದರೆ 36 ಚಿತ್ರ, ಜಿಲ್ಲೆಗೆ 3,600. ರೀಲು, ತೊಳೆಸುವ ಖರ್ಚು, ಸ್ಕ್ಯಾನು ಎಲ್ಲ ಸೇರಿದರೂ ಎರಡು ಲಕ್ಷದೊಳಗೆ ಮುಗಿಯುತ್ತದೆ. ಒಂದು ಸ್ವಾಗತ ಕಮಾನಿಗೆ ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಕ್ಯಾಮೆರಾವನ್ನು ಊರಿನ ಹೈಸ್ಕೂಲು ಮಕ್ಕಳ ಕೈಗೆ ಕೊಡಿ. ಜಾತ್ರೆಗೆ ಬರುವ ನಗರದ ಹವ್ಯಾಸಿಗಳು ಒಂದು ದಿನ ಹೆಚ್ಚು ನಿಂತು ಮಕ್ಕಳಿಗೆ ಬೆಳಕು ಅಳೆಯುವುದನ್ನು ಹೇಳಿಕೊಡಲಿ. ಮಕ್ಕಳು ತೆಗೆಯುವುದು ಕೊಂಬನ್ನಲ್ಲ, ಮನೆಯ ಗೊಂತನ್ನು, ಒರಳನ್ನು, ನೀರಿನ ತೊಟ್ಟಿಯನ್ನು, ಅಂಗನವಾಡಿ ಬಾಗಿಲನ್ನು. ಸ್ಕ್ಯಾನ್ ಪ್ರತಿ ಊರಿನಲ್ಲಿರಲಿ, ನೆಗೆಟಿವ್‌ಗಳು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಲಿ. ಬೀರಸಂದ್ರದ ಜಿಲ್ಲಾಡಳಿತ ಭವನದಲ್ಲಿ ಒಂದು ಕೋಣೆ ಕೊಟ್ಟರೆ ಪ್ರಿಂಟುಗಳನ್ನು ಅಲ್ಲೇ ತೂಗುಹಾಕಬಹುದು. ಪಹಣಿಗಾಗಿ ಬಂದು ಕಾಯುವವರಿಗೆ ತಮ್ಮ ಊರು ನೋಡಲು ಸಿಗುತ್ತದೆ. ರಾಸಾಯನಿಕ ಚರಂಡಿಗೆ ಸೇರುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದು. ನೂರು ರೀಲನ್ನು ಒಂದೇ ಲ್ಯಾಬಿನಲ್ಲಿ ತೊಳೆಸಿ, ಹೈಪೊದಲ್ಲಿ ಕರಗಿದ ಬೆಳ್ಳಿಯನ್ನು ವಾಪಸು ತೆಗೆಸಿದರೆ ಆ ಚಿಂತೆಯೂ ಕಡಿಮೆ.

ಸರ್ಕಾರ ಏಳುವವರೆಗೆ ಓದುಗರು ಕಾಯಬೇಕಿಲ್ಲ. ಮನೆಯ ಅಟ್ಟದಲ್ಲಿ, ಟ್ರಂಕಿನ ತಳದಲ್ಲಿ, ಮುಚ್ಚಿದ ಸ್ಟುಡಿಯೋದ ಬೀರುವಿನಲ್ಲಿ ನೆಗೆಟಿವ್ ಇದ್ದರೆ ಗುಜರಿಯವನಿಗೆ ತೂಗಿ ಕೊಡಬೇಡಿ. ಪ್ಲಾಸ್ಟಿಕ್ ಕವರಿನಿಂದ ತೆಗೆದು, ಅಂಚನ್ನಷ್ಟೇ ಹಿಡಿದು, ಒಂದೊಂದು ಪಟ್ಟಿಯನ್ನು ಬಿಳಿ ಕಾಗದದ ಲಕೋಟೆಗೆ ಹಾಕಿ. ತೇವವಿಲ್ಲದ, ಬಿಸಿಲು ತಾಕದ ಕಪಾಟಿನಲ್ಲಿಡಿ. ಊರು, ಅಂದಾಜು ವರ್ಷ, ಚಿತ್ರದಲ್ಲಿ ಏನೇನಿದೆ ಎಂಬುದನ್ನು ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಒಳಗೆ ಹಾಕುವ ಮೊದಲೇ ಬರೆಯಿರಿ, ಮೇಲಿನಿಂದ ಒತ್ತಿ ಬರೆದರೆ ಫಿಲಂ ಮೇಲೆ ಗೀರು ಬೀಳುತ್ತದೆ. ಆ ಬೀದಿ, ಆ ಅಂಗಡಿ, ಆ ಬಾವಿ ಯಾವುದೆಂದು ಗುರುತು ಹಿಡಿಯಬಲ್ಲ ಹಿರಿಯರು ಮನೆಯಲ್ಲಿದ್ದರೆ ಈ ಕೆಲಸವನ್ನು ಇದೇ ವಾರ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.